ಹಾಡುವಾಗ ಹೆಣ್ಣು ಹೆಚ್ಚು, ಸಂಭಾವನೆ ಕೊಡುವಾಗ?

ಸುಗ್ಗಿ ಮುಗಿಯಿತು, ಜಾತ್ರೆಗಳು ಸುರುವಾದವು. ಚಿಕ್ಕೋಡಿಯಿಂದ ಅಥಣಿಯವರೆಗೆ, ರಾಯಬಾಗದಿಂದ ಕಾಗವಾಡದವರೆಗೆ ಯಾವ ಹಳ್ಳಿಯ ಅಗಸಿಯಲ್ಲಿ ನಿಂತರೂ ಹರದೇಶಿ-ನಾಗೇಶಿಯ ಫಲಕ ಕಣ್ಣಿಗೆ ಬೀಳುತ್ತದೆ. ನಮ್ಮ ವಾಚಕರಿಗೆ ಇದೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಕ್ಕರೆ ಕಾರಖಾನೆಯ ರಾತ್ರಿ ಪಾಳಿ ಬದಲಿಸಿಕೊಂಡು ಗೀಗೀ ಪದ ಕೇಳಲು ಹೋದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಂಗಡಿಯ ಕದ ಅರ್ಧ ಎಳೆದು ಓಡಿದ ವ್ಯಾಪಾರಸ್ಥರೂ ಇದ್ದಾರೆ. ತುರಾಯಿಯ ಹರದೇಶಿಯವರು ಗಂಡು ಹೆಚ್ಚೆಂದು ಹಾಡುತ್ತಾರೆ, ಕಲ್ಗಿಯ ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ಪುರುಷ ದೊಡ್ಡವನೋ ಪ್ರಕೃತಿ ದೊಡ್ಡವಳೋ, ಶಿವನೋ ಶಕ್ತಿಯೋ ಎಂಬ ಹಳೆಯ ತತ್ತ್ವದ ವಾದ ನಮ್ಮ ಸೀಮೆಯಲ್ಲಿ ಪಂಡಿತರ ಮಠದಿಂದ ಇಳಿದು ಬಯಲಿಗೆ ಬಂತು. ಬೆಳತನಕ ಸಾವಿರಾರು ಜನರೆದುರಿಗೆ ಹೆಣ್ಣು ಹೆಚ್ಚೆಂದು ಒಬ್ಬ ಹೆಣ್ಣುಮಗಳು ಎದೆ ಸೆಟೆಸಿ ಹಾಡಬಹುದಾದ ಅಂಕಣ ಬೇರೆ ಯಾವ ಸೀಮೆಯಲ್ಲಿ ಎಷ್ಟಿದೆಯೋ, ನಮ್ಮಲ್ಲಂತೂ ಇದೆ. ಅದರ ಅಭಿಮಾನ ನಮಗೂ ಇದೆ.

ಆದರೆ ಕಳೆದ ಸಲ ರಾಯಬಾಗ ತಾಲೂಕಿನ ಒಂದು ಹಳ್ಳಿಯಲ್ಲಿ ನಾವು ಕಂಡದ್ದನ್ನು ಹೇಳದೆ ಇರಲಾರೆವು. ಊರಿನ ಹೆಸರು ಬೇಡ. ಎಲ್ಲ ಊರುಗಳ ಕಥೆಯೂ ಅದೇ.

ಆ ರಾತ್ರಿ ನಾಗೇಶಿಯ ಕಡೆ ಹಾಡಿದವಳು ನಾಲ್ವತ್ತರ ಆಸುಪಾಸಿನ ಬಾಯಿ. ಹಿಮ್ಮೇಳಕ್ಕೆ ಇಬ್ಬರು, ಕೈಯಲ್ಲಿ ತಾಳ. ಎದುರು ಪಕ್ಷದವರು ರಾಮಾಯಣದಿಂದ ಒಂದು ಗಂಟು ಹಾಕಿದರೆ ಈಕೆ ಭಾರತದಿಂದ ಬಿಚ್ಚುತ್ತಿದ್ದಳು. ನಡುರಾತ್ರಿ ದಾಟಿದ ಮೇಲೆ ಪುರಾಣವನ್ನು ಬದಿಗಿಟ್ಟು ಒಲೆಯ ಮುಂದಿನ ಮಾತು, ಕಬ್ಬಿನ ಗದ್ದೆಯ ಮಾತು, ಹೆರಿಗೆಯ ಮಾತು ಎತ್ತಿದಳು. ಕೂತ ಹೆಣ್ಣುಮಕ್ಕಳ ಕಡೆಯಿಂದ ಸೀಟಿ ಬಂತು! ಹೆಂಗಸರು ಸೀಟಿ ಹೊಡೆದದ್ದನ್ನು ನಾವು ಕೇಳಿದ್ದು ಅದೇ ಮೊದಲು. ಬೆಳಗಿನ ಜಾವ ಊರ ಹಿರಿಯರು ನಾಗೇಶಿ ಗೆದ್ದಿತೆಂದು ಸಾರಿ ಕಾಯಿ ಕೊಟ್ಟು ಶಾಲು ಹೊದಿಸಿದರು.

ಆಮೇಲೆ ಗುಡಿಯ ಕಟ್ಟೆಯ ಮೇಲೆ ಹಣ ಎಣಿಸಿದರು. ಸೋತ ಹರದೇಶಿ ಮೇಳಕ್ಕೆ ಐದು ಪಾಲು ಕೊಟ್ಟರೆ ಗೆದ್ದ ನಾಗೇಶಿಗೆ ಮೂರು ಪಾಲು. ನಾವು ತಡೆಯಲಾರದೆ ಕೇಳಿದೆವು. ಜಾತ್ರಾ ಸಮಿತಿಯ ಹಿರಿಯರೊಬ್ಬರು ಸಮಾಧಾನದಿಂದಲೇ, “ಮಾಸ್ತರ, ಅವರು ಗಂಡಮಕ್ಕಳರೀ. ಸಂಸಾರ ಇರತೈತಿ, ಖರ್ಚ ಇರತೈತಿ” ಎಂದರು. ಆ ಬಾಯಿಗೆ ನಾಲ್ಕು ಮಕ್ಕಳು ಮತ್ತು ಒಬ್ಬ ಮುದುಕಿ ತಾಯಿ ಇರುವುದು ಆ ಹಿರಿಯರಿಗೂ ಗೊತ್ತಿತ್ತು. ಆಕೆ ನೋಟುಗಳನ್ನು ಸೆರಗಿನಲ್ಲಿ ಗಂಟು ಹಾಕುತ್ತ ನಮ್ಮ ಕಡೆ ನೋಡಿ ನಕ್ಕಳು. “ಇರಲಿ ಬಿಡ್ರಿ ಮಾಸ್ತರ. ರಾತ್ರೆಲ್ಲಾ ಹೆಣ್ಣ ಹೆಚ್ಚಂತ ಹಾಡಿ ಗೆದ್ದೀನಿ. ಮುಂಜಾನಿ ಎಣಿಸಿ ನೋಡಿದ್ರ ಕಡಿಮಿ ಬಿದ್ದೀನಿ” ಎಂದಳು.

ಇಡೀ ವರ್ಷ ಆ ಮಾತು ನಮ್ಮನ್ನು ಬಿಟ್ಟಿಲ್ಲ.

ಬಯಲಿನಲ್ಲಿ ನಿಂತು ಹಾಡುವ ಈ ಹೆಣ್ಣುಮಕ್ಕಳು ಯಾರು? ಇದನ್ನು ಕೇಳಲು ನಾವು ಹಿಂಜರಿಯುತ್ತೇವೆ, ಏಕೆಂದರೆ ಉತ್ತರ ನಮಗೆ ಗೊತ್ತು. ಮರ್ಯಾದಸ್ಥರೆನಿಸಿಕೊಂಡವರ ಮನೆಯ ಹೆಣ್ಣು ಹಾಡುತ್ತಿದ್ದುದು ಬೀಸುಕಲ್ಲಿನ ಮುಂದೆ, ಕೋಳಿ ಕೂಗುವ ಹೊತ್ತಿಗೆ, ಗೋಡೆಗೆ ಮುಖ ಮಾಡಿ. ಅತ್ತೆಯ ಕಾಟ, ತವರಿನ ನೆನಪು, ಗಂಡನ ಸಿಟ್ಟು ಎಲ್ಲವನ್ನೂ ಜೋಳದ ಜೊತೆಗೆ ಬೀಸಿದಳು. ಹಿಟ್ಟಿನ ಗಿರಣಿ ಬಂತು, ರಟ್ಟೆಗೆ ವಿಶ್ರಾಂತಿ ಸಿಕ್ಕಿತು, ಹಾಡೂ ನಿಂತಿತು. (ಗಿರಣಿ ಬೇಡವಾಗಿತ್ತೆಂದು ನಾವು ಹೇಳುತ್ತಿಲ್ಲ. ಬೀಸುವ ಪದವನ್ನು ಹೊಗಳುವ ವಿದ್ವಾಂಸರು ಒಂದು ವಾರ ತಾವೇ ಬೀಸಿ ನೋಡಲಿ.) ಬಯಲಿಗೆ ಬಂದು ಹಾಡಿದವರಲ್ಲಿ ಹೆಚ್ಚಿನವರು ಹೊಲಗೇರಿ, ಮಾದಿಗರ ಕೇರಿಯವರು, ಸವದತ್ತಿಯಲ್ಲಿ, ನಮ್ಮ ಅಥಣಿ ತಾಲೂಕಿನ ಕೊಕಟನೂರಿನಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರು. ಚೌಡಿಕೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ಅದರ ತಂತಿ ಮಿಡಿದು ಮನೆಮನೆಯ ಮುಂದೆ ಜೋಗ ಬೇಡಿದವರು. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಹೆಸರು ಗಳಿಸಿದಾಗ ಅದು ಗಂಡಸರೇ ಹೆಣ್ಣಿನ ವೇಷ ಕಟ್ಟುತ್ತಿದ್ದ ರಂಗ. ಆಕೆ ಬಂದದ್ದೂ ದೇವದಾಸಿ ಮನೆತನದಿಂದಲೇ.

ಊರು ಯಾರ ಮಾನವನ್ನು ಮೊದಲೇ ಕಿತ್ತುಕೊಂಡಿತ್ತೋ ಅವರಿಗೆ ಮಾತ್ರ ಬಾಯಿ ಬಿಡಲು ಅಪ್ಪಣೆ ಕೊಟ್ಟಿತು! ಕಳೆದುಕೊಳ್ಳಲು ಇನ್ನೇನೂ ಉಳಿಯದವಳಿಗೆ ಹಾಡುವ ಸ್ವಾತಂತ್ರ್ಯ. ಇದನ್ನೇ ನಮ್ಮ ಕೆಲವು ಪಟ್ಟಣದ ಮಿತ್ರರು ‘ಜಾನಪದದಲ್ಲಿ ಸ್ತ್ರೀ ಸ್ವಾತಂತ್ರ್ಯ’ ಎಂದು ಭಾಷಣ ಮಾಡುತ್ತಾರೆ. ಅವಳಿಗೆ ಸಿಕ್ಕಿದ್ದು ಸ್ವಾತಂತ್ರ್ಯವಲ್ಲ, ಸ್ವಾಮಿ. ಸಿಕ್ಕ ಒಂದು ಸಂದಿಯಲ್ಲಿ ಅವಳು ತನ್ನ ಕಂಠದಿಂದ ದಾರಿ ಕೊರೆದಳು, ಅಷ್ಟೆ. ಆ ಕೊರೆದ ಕೆಲಸದ ಕೀರ್ತಿ ಅವಳದು, ಪದ್ಧತಿಯದಲ್ಲ.

ಪದ್ಧತಿಯನ್ನು ಮುರಿಯಲು ಕಾಯದೆಗಳೇನೋ ಬಂದವು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಶಾಹೂ ಮಹಾರಾಜರು ಜೋಗತಿ ಬಿಡುವುದರ ವಿರುದ್ಧ 1920ರಲ್ಲೇ ಕಾನೂನು ಮಾಡಿದರು. ಮುಂಬಯಿ ಪ್ರಾಂತದ ಕಾಯದೆ 1934ರಲ್ಲಿ, ಕರ್ನಾಟಕದ್ದು 1982ರಲ್ಲಿ. ಇಷ್ಟಾದರೂ ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರನ್ನು ಏಳು ವರ್ಷದ ಹುಡುಗಿಯಾಗಿರುವಾಗ ಬಿಟ್ಟರು. ಅವರೇ ಮುಂದೆ ತಮ್ಮಂಥವರನ್ನೆಲ್ಲ ಕೂಡಿಸಿ ಸಂಘ ಕಟ್ಟುವ ಕೆಲಸಕ್ಕಿಳಿದು 2018ರಲ್ಲಿ ಪದ್ಮಶ್ರೀ ಪಡೆದರು. ಕಾಯದೆ ಮಾಡಲಾರದ್ದನ್ನು ಸಂಘ ಮಾಡಿತು. ಈ ಮಾತಿಗೆ ಮತ್ತೆ ಬರುತ್ತೇವೆ.

ಹಾಡಿ ಲೋಕಪ್ರಸಿದ್ಧರಾದವರನ್ನಾದರೂ ಈ ಕೀಳು ಬಿಟ್ಟಿತೆ? 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನವಾದಾಗ ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಗಂಗೂಬಾಯಿ ಹಾನಗಲ್ಲರೂ ಒಬ್ಬರು. ಹನ್ನೊಂದು ವರ್ಷದ ಆ ಮಗುವಿಗೆ ಗಾಂಧೀಜಿಯವರೆದುರು ಹಾಡಲು ಹೆದರಿಕೆ ಇರಲಿಲ್ಲ; ಊಟದ ಹೊತ್ತಿಗೆ ತನ್ನನ್ನು ಬೇರೆ ಕೂಡಿಸುತ್ತಾರೇನೋ ಎಂಬ ಹೆದರಿಕೆ ಇತ್ತು. ಮುಂದೆ ಪದ್ಮವಿಭೂಷಣ ಬಂದ ಮೇಲೂ ಅವರು ಒಂದು ಮಾತನ್ನು ನಗುತ್ತಲೇ ಹೇಳುವುದಿತ್ತು: ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದೂ ಆದರೆ ಪಂಡಿತನಾಗುತ್ತಾನೆ, ಕೇಸರಬಾಯಿ, ಮೋಗುಬಾಯಿಯಂಥವರು ಮಾತ್ರ ಕೊನೆಯತನಕ ಬಾಯಿಯಾಗಿಯೇ ಉಳಿಯುತ್ತಾರೆ, ಎಂದು. ನಮ್ಮ ರಾಯಬಾಗದ ಆ ನಾಗೇಶಿ ಬಾಯಿಗೂ ಹಾನಗಲ್ಲಿನ ಗಂಗೂಬಾಯಿಗೂ ಕಲೆಯಲ್ಲಿ ಅಂತರವಿರಬಹುದು. ಕಟ್ಟೆಯ ಮೇಲೆ ಎಣಿಸುವ ಕೈ ಒಂದೇ.

ಇದು ನಮ್ಮ ದೇಶಕ್ಕಷ್ಟೇ ಅಂಟಿದ ರೋಗವೆಂದು ತಿಳಿಯಬೇಡಿ. 1925ರ ಏಪ್ರಿಲಿನಲ್ಲಿ ನಮ್ಮ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದ ಡಾ. ಅಂಬೇಡ್ಕರರು 1946ರಲ್ಲಿ ಅಮೆರಿಕದ ಕಪ್ಪು ಜನರ ಧುರೀಣ ಡುಬಾಯ್ಸರಿಗೆ ಒಂದು ಪತ್ರ ಬರೆದರು. ಅಲ್ಲಿಯ ಕಪ್ಪು ಜನರ ಸ್ಥಿತಿಗೂ ಇಲ್ಲಿಯ ಅಸ್ಪೃಶ್ಯರ ಸ್ಥಿತಿಗೂ ಎಷ್ಟೊಂದು ಹೋಲಿಕೆ ಇದೆಯೆಂದು ಅದರಲ್ಲಿ ಹೇಳಿದರು. ಹೋಲಿಕೆ ಹಾಡಿನಲ್ಲಿಯೂ ಇದೆ.

ಅಲ್ಲಿ ಗುಲಾಮಗಿರಿ ತೆಗೆದ ಮೇಲೆ ಕಪ್ಪು ಜನರಲ್ಲಿ ‘ಬ್ಲೂಸ್’ ಎಂಬ ಹಾಡಿನ ಪ್ರಕಾರ ಬೆಳೆಯಿತು. ನೋವಿನ ಹಾಡು, ಆದರೆ ಅಳುವ ಹಾಡಲ್ಲ. 1920ರಲ್ಲಿ ಮೇಮಿ ಸ್ಮಿತ್ ಎಂಬಾಕೆಯ ಗ್ರಾಮಾಫೋನ್ ತಟ್ಟೆ ಹೊರಬಂದು ಭರದಿಂದ ಮಾರಾಟವಾಯಿತು. ಆಗ ಕಂಪನಿಗಳ ಕಣ್ಣು ತೆರೆಯಿತು. ನ್ಯಾಯದ ಕಣ್ಣಲ್ಲ, ಲಾಭದ ಕಣ್ಣು! ಬೆಸ್ಸಿ ಸ್ಮಿತ್ ಎಂಬ ತಬ್ಬಲಿ ಹುಡುಗಿ ಬೀದಿಯಲ್ಲಿ ಹಾಡಿ ಕಾಸು ಕೂಡಿಸಿದವಳು, ಬ್ಲೂಸಿನ ರಾಣಿ ಎನಿಸಿಕೊಂಡಳು. ಪ್ರೇಮ ವಿರಹ ಮಾತ್ರ ಹಾಡಲಿಲ್ಲ. ಹೊಡೆಯುವ ಗಂಡನ ಬಗ್ಗೆ ಹಾಡಿದಳು, ಬಡವನ ಹೊಟ್ಟೆಯ ಬಗ್ಗೆ ಹಾಡಿದಳು, ದಿನವಿಡೀ ಅನ್ಯರ ಬಟ್ಟೆ ಒಗೆಯುವ ಹೆಂಗಸಿನ ರಟ್ಟೆಯ ಬಗ್ಗೆ 1928ರಲ್ಲಿ ಹಾಡಿದಳು. ಕಂಪನಿ ಅವಳಿಗೆ ಹಾಡಿಗಿಷ್ಟೆಂದು ಎಣಿಸಿ ಕೊಟ್ಟಿತು. ಮಾರಾಟದ ಮೇಲೆ ಪಾಲು ಕೊಡಲಿಲ್ಲ. 1937ರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡಳು. 1970ರವರೆಗೆ ಅವಳ ಗೋರಿಯ ಮೇಲೆ ಹೆಸರಿನ ಒಂದು ಕಲ್ಲೂ ಇರಲಿಲ್ಲ.

ಬಿಲ್ಲಿ ಹಾಲಿಡೇ ಎಂಬಾಕೆ 1939ರಲ್ಲಿ ಕಪ್ಪು ಜನರನ್ನು ಮರಕ್ಕೆ ನೇತುಹಾಕಿ ಕೊಲ್ಲುವ ಬಗ್ಗೆ ಹಾಡಿದಳು. ಅವಳ ಖಾಯಂ ಕಂಪನಿ ಅದನ್ನು ಮುದ್ರಿಸಲು ಒಪ್ಪದೆ ಬೇರೊಂದು ಚಿಕ್ಕ ಕಂಪನಿಯಲ್ಲಿ ಮುದ್ರಿಸಬೇಕಾಯಿತು. ಆ ಹಾಡು ಬರೆದವನು ನ್ಯೂಯಾರ್ಕಿನ ಒಬ್ಬ ಶಾಲಾ ಮಾಸ್ತರ, ಏಬಲ್ ಮೀರೊಪೊಲ್. ಮಾಸ್ತರಿಕೆ ಮಾಡಿದವರಾದ ನಮಗೆ ಇದನ್ನು ಬರೆಯುವಾಗ ತುಸು ಜಂಬ ಬಂದರೆ ವಾಚಕರು ಕ್ಷಮಿಸಬೇಕು.

ಇನ್ನೊಬ್ಬಳು ಬಿಗ್ ಮಾಮಾ ಥಾರ್ನಟನ್. 1952ರಲ್ಲಿ, ತನ್ನನ್ನು ಸುಲಿಯುವ ಗಂಡಸನ್ನು ಬಾಗಿಲಿಂದಾಚೆ ಅಟ್ಟುವ ಒಂದು ಹಾಡು ಹಾಡಿದಳು. ನಾಲ್ಕು ವರ್ಷದ ಮೇಲೆ ಎಲ್ವಿಸ್ ಪ್ರೀಸ್ಲಿ ಎಂಬ ಬಿಳಿಯ ತರುಣ ಅದನ್ನೇ ಹಾಡಿ ಜಗತ್ಪ್ರಸಿದ್ಧನಾದ. ಇಂದಿಗೂ ಅದು ಆತನ ಹಾಡೆಂದೇ ಲೋಕ ತಿಳಿದಿದೆ. ಅಥಣಿ, ನಿಪ್ಪಾಣಿಯ ಸಮಗಾರ ಬಂಧುಗಳಿಗೆ ಇದನ್ನು ವಿವರಿಸಬೇಕೆ? ಹದ ಮಾಡಿ, ಹೊಲಿದು, ಹೆಣೆದದ್ದು ಇಲ್ಲಿಯ ಗಂಡಹೆಂಡಿರ ಕೈ, ಹೆಸರು ಮಾತ್ರ ಕೊಲ್ಹಾಪುರಿ. ಬೆಳಗಾವಿ ಜಿಲ್ಲೆಯ ಹೆಸರೂ ಸೇರಿ ಸರಕಾರಿ ಮುದ್ರೆ ಬೀಳಲು 2019 ಬರಬೇಕಾಯಿತು. 2025ರಲ್ಲಿ ಇಟಲಿಯ ಭಾರಿ ಕಂಪನಿಯೊಂದು ಅಂಥದೇ ಚಪ್ಪಲಿಯನ್ನು ಊರ ಹೆಸರೆತ್ತದೆ ತನ್ನ ಪ್ರದರ್ಶನದಲ್ಲಿ ಮೆರೆಸಿತು. ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಚಪ್ಪಲಿಯ ಗತಿಯೂ ಹಾಡಿನ ಗತಿಯೂ ಒಂದೇ.

ಆದರೆ ಕಪ್ಪು ಹೆಣ್ಣುಮಕ್ಕಳು ಅಲ್ಲಿಗೇ ನಿಲ್ಲಲಿಲ್ಲ. ದುಡಿದು ಬಂದ ಗಂಡಸು ಮನೆಯಲ್ಲಿ ಮರ್ಯಾದೆ ಕೇಳುವ ಹಾಡೊಂದನ್ನು 1965ರಲ್ಲಿ ಒಬ್ಬ ಗಂಡಸು ಬರೆದು ಹಾಡಿದ್ದ. 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಅದನ್ನೇ ತೆಗೆದುಕೊಂಡು ಹೆಣ್ಣು ಮರ್ಯಾದೆ ಕೇಳುವ ಹಾಡಾಗಿ ತಿರುಗಿಸಿಬಿಟ್ಟಳು. ನಮ್ಮ ನಾಗೇಶಿಯವರು ಹರದೇಶಿಯ ಗಂಟನ್ನು ಅವರ ಹಗ್ಗದಿಂದಲೇ ಕಟ್ಟುವ ಹಾಗೆ! 1977ರಲ್ಲಿ ಬಾಸ್ಟನ್ ನಗರದ ಕಪ್ಪು ಹೆಣ್ಣುಮಕ್ಕಳ ಕೂಟವೊಂದು ಹೇಳಿಕೆ ಹೊರಡಿಸಿತು. ನಮ್ಮನ್ನು ವರ್ಣದಿಂದಲೂ ತುಳಿದಿದ್ದಾರೆ, ವರ್ಗದಿಂದಲೂ ತುಳಿದಿದ್ದಾರೆ, ಹೆಣ್ಣೆಂದೂ ತುಳಿದಿದ್ದಾರೆ; ನಾವು ಬಿಡುಗಡೆಯಾಗಬೇಕಾದರೆ ಈ ಎಲ್ಲ ನೊಗಗಳೂ ಮುರಿಯಬೇಕು, ಆಗ ಎಲ್ಲರೂ ಬಿಡುಗಡೆಯಾದಂತೆಯೇ, ಎಂಬುದು ಅದರ ಸಾರ. ಸಮಾಜವಾದಿಗಳಾದ ನಾವು ಮೊದಲು ವರ್ಗ, ಉಳಿದದ್ದು ಆಮೇಲೆ ಎಂದು ಎಷ್ಟು ವರ್ಷ ವಾದಿಸಿದ್ದೇವೆ! ಆ ಹೆಣ್ಣುಮಕ್ಕಳು ಆಮೇಲೆ ಎಂಬುದು ಎಂದಿಗೂ ಬರುವುದಿಲ್ಲವೆಂದು ಕಂಡುಕೊಂಡಿದ್ದರು.

ಬಂಡವಾಳದವನೇನೂ ಮೂಢನಲ್ಲ. ಹೆಣ್ಣಿನ ಧೈರ್ಯಕ್ಕೆ ಗಿರಾಕಿ ಇದೆಯೆಂದು ತಿಳಿದರೆ ಅದನ್ನೂ ಪೊಟ್ಟಣ ಕಟ್ಟಿ ಮಾರುತ್ತಾನೆ. ಇಂದಿನ ಅತಿ ಶ್ರೀಮಂತ ಗಾಯಕಿಯರಲ್ಲಿ ಒಬ್ಬಳಾದ ಬಿಯಾನ್ಸೆ 2016ರಲ್ಲಿ ಕಪ್ಪು ಹೆಣ್ಣಿನ ನೋವು, ಸಿಟ್ಟು, ಅಭಿಮಾನಗಳನ್ನು ಹಾಡಿದಾಗ ಲಕ್ಷಾಂತರ ಹುಡುಗಿಯರು ತಲೆ ಎತ್ತಿದರು. ಅದು ಸಣ್ಣ ಮಾತಲ್ಲ. ಆದರೆ ಕಪ್ಪು ಲೇಖಕಿ ಬೆಲ್ ಹುಕ್ಸ್ ಅದೇ ವರ್ಷ, ಇದು ಹಣ ಮಾಡುವ ಸರಕೂ ಹೌದೆಂದು ನಿಷ್ಠುರವಾಗಿ ಬರೆದರು. ಆ ಗಾಯಕಿಯ ಹೆಸರಿನಲ್ಲಿ, ಹೆಣ್ಣಿನ ಬಲದ ಮಾತು ಹೇಳಿ ಮಾರಿದ ಬಟ್ಟೆಗಳನ್ನು ಶ್ರೀಲಂಕಾದಲ್ಲಿ ಹೊಲಿದ ಹುಡುಗಿಯರ ದಿನಗೂಲಿ ಎಷ್ಟು ಕಡಿಮೆಯೆಂದು ಬ್ರಿಟನ್ನಿನ ಪತ್ರಿಕೆಯೊಂದು ಆಗಲೇ ವರದಿ ಮಾಡಿತು. ಕಂಪನಿ ತಾನು ನ್ಯಾಯವಾಗಿಯೇ ನಡೆದಿದ್ದೇನೆಂದಿತು. ಹಾಡಿನ ಹೆಣ್ಣು ಹೆಚ್ಚು, ಹೊಲಿಗೆಯ ಹೆಣ್ಣು ಎಷ್ಟು ಎಂಬ ಪ್ರಶ್ನೆಯಂತೂ ಉಳಿಯಿತು.

ಹಾಗಾದರೆ ಹಾಡಿನಿಂದ ಏನೂ ಆಗದೆ? ನಿಪ್ಪಾಣಿಗೆ ಬನ್ನಿ.

ತಂಬಾಕಿನ ವಖಾರಿಗಳೊಳಗೆ ಹೆಣ್ಣಾಳುಗಳು ದಿನವಿಡೀ ಧೂಳು ಕುಡಿದು ಎಲೆ ಬಡಿದು, ಕೇರಿ, ಚೀಲ ತುಂಬುತ್ತಿದ್ದ ಕಾಲವನ್ನು ನಮ್ಮ ವಾಚಕರಲ್ಲಿ ಅನೇಕರ ತಾಯಂದಿರು ಅನುಭವಿಸಿದ್ದಾರೆ. ಹೊತ್ತಿಗೆ ಮಿತಿಯಿಲ್ಲ, ಪಗಾರಿಗೆ ಲೆಕ್ಕವಿಲ್ಲ, ಮುಕಾದಮನ ನಾಲಿಗೆಗೂ ಕೈಗೂ ಲಗಾಮಿಲ್ಲ. ಎಂಬತ್ತರ ದಶಕದ ಮೊದಲಿಗೆ ಆ ಹೆಣ್ಣುಮಕ್ಕಳು ಸಂಘ ಕಟ್ಟಿದರು, ಮುಷ್ಕರ ಹೂಡಿದರು. ತಂಬಾಕು ಬೆಳೆದ ರೈತರು ಬೆಲೆಗಾಗಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕೂತು 1981ರ ಏಪ್ರಿಲಿನಲ್ಲಿ ಪೋಲೀಸರ ಗುಂಡಿಗೆ ಬಲಿಯಾದದ್ದನ್ನು ಊರೂರಲ್ಲಿ ನೆನೆಯುತ್ತೇವೆ, ನೆನೆಯಬೇಕು. ಅದೇ ತಂಬಾಕನ್ನು ಬಡಿದ ಹೆಣ್ಣುಮಕ್ಕಳ ಮುಷ್ಕರವನ್ನು ನೆನೆಯುವವರೆಷ್ಟು? ದೀಪಾ ಧನರಾಜ್ ಮತ್ತು ಅವರ ಸಂಗಡಿಗರ ‘ಯುಗಾಂತರ’ ಎಂಬ ಕೂಟ ನಿಪ್ಪಾಣಿಗೆ ಬಂದು, ಆ ಕೆಲಸಗಾರರ ಜೊತೆಗೇ ಇದ್ದು, ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಚಿತ್ರ ತೆಗೆಯಿತು. ಅದು 1982ರ ಮಾತು. ಅದರಲ್ಲಿ ಮಾತಾಡುವವರು ನಟಿಯರಲ್ಲ, ಅದೇ ಹೆಣ್ಣುಮಕ್ಕಳು. ಪರದೇಶದ ಸಭೆಗಳಲ್ಲಿ ಆ ಚಿತ್ರ ತೋರಿಸುತ್ತಾರೆ. ನಮ್ಮ ಐದು ತಾಲೂಕುಗಳಲ್ಲಿ ನೋಡಿದವರನ್ನು ಬೆರಳಿನಲ್ಲಿ ಎಣಿಸಬಹುದು.

ವಖಾರಿಯಲ್ಲಿ ದುಡಿದ ಒಬ್ಬ ಮುದುಕವ್ವನನ್ನು ನಾವು ಕೇಳಿದೆವು: ಮುಷ್ಕರದ ದಿನಗಳಲ್ಲಿ ಹಾಡುತ್ತಿದ್ದಿರಾ? ಆಕೆ ಎಂದಳು, “ಹಾಡದ ಏನ್ ಮಾಡೂದಪ್ಪಾ? ಭಾಷಣ ಬರತಿದ್ದಿಲ್ಲ. ಬೀಸೂ ಪದದ ಧಾಟಿ ಗೊತ್ತಿತ್ತು, ಅದರಾಗ ಪಗಾರದ ಮಾತ ಕೂಡಿಸಿದ್ವಿ. ಮೊದಲ ಗೋಡಿಗೆ ಹಾಡತಿದ್ವಿ, ಅವತ್ತ ಮಾಲಕರ ಬಾಗಲಿಗೆ ಹಾಡಿದ್ವಿ.” ಗೋಡೆಗೆ ಹಾಡಿದ ಹಾಡು ಅದೇ, ಬಾಗಿಲಿಗೆ ಹಾಡಿದ ಹಾಡು ಅದೇ. ನಡುವೆ ಬಂದದ್ದು ಸಂಘ. ಸೀತವ್ವನವರ ಮಾತು ಎತ್ತಿದಾಗ ನಾವು ಹೇಳಬೇಕೆಂದದ್ದು ಇದನ್ನೇ. ಕಂಠ ಹೆಣ್ಣಿಗೆ ಯಾವಾಗಲೂ ಇತ್ತು. ಆ ಕಂಠದ ಹಿಂದೆ ನಿಲ್ಲುವ ಮಂದಿ ಇರಲಿಲ್ಲ. ಬೆಸ್ಸಿ ಸ್ಮಿತ್‌ಗೆ ಕೇಳುವ ಲಕ್ಷ ಕಿವಿಗಳಿದ್ದವು. ಕಂಪನಿಯೊಡನೆ ಪಾಲಿಗಾಗಿ ಜಗಳಾಡುವ ಒಂದು ಸಂಘವಿರಲಿಲ್ಲ. ರಾಯಬಾಗದ ಬಾಯಿಗೆ ಸೀಟಿ ಹೊಡೆಯುವವರಿದ್ದರು; ಕಟ್ಟೆಯ ಬಳಿ ನಿಂತು ಲೆಕ್ಕ ಕೇಳುವವರಿರಲಿಲ್ಲ.

ಈಗ ನಮ್ಮ ಸ್ವಂತ ತಪ್ಪನ್ನೂ ಹೇಳಿಬಿಡುತ್ತೇವೆ. ಪಕ್ಷದ ಸಭೆಗಳಿಗೆ ಜನ ಕೂಡಲೆಂದು ಮೊದಲು ಒಂದು ತಾಸು ಗೀಗೀ ಪದ ಇಡುವುದು ನಮ್ಮ ರೂಢಿ. ಸ್ವಾತಂತ್ರ್ಯ ಚಳವಳಿಯಲ್ಲಿ ಹುಲಕುಂದದ ಭೀಮಕವಿಗಳ ಲಾವಣಿ ಮಾಡಿದ ಕೆಲಸವನ್ನು ನೆನೆದು ಹೆಮ್ಮೆಯಿಂದಲೇ ಇಡುತ್ತೇವೆ. ಹಾಡುವ ಬಾಯಿ ಬರುತ್ತಾಳೆ, ಹಾಡುತ್ತಾಳೆ, ಜನ ಕೂಡುತ್ತದೆ. ಆಮೇಲೆ ನಾವು ಧ್ವನಿವರ್ಧಕ ಕೈಗೆ ತೆಗೆದುಕೊಂಡು ಸ್ತ್ರೀ ಸಮಾನತೆಯ ಬಗ್ಗೆ ಒಂದು ತಾಸು ಮಾತಾಡುತ್ತೇವೆ. ಆಕೆ ವೇದಿಕೆಯ ಹಿಂದೆ ನೆಲದ ಮೇಲೆ ಕೂತು ಬಸ್ಸು ಕಾಯುತ್ತಾಳೆ. ಹೋದ ಮೇ ದಿನಾಚರಣೆಯಲ್ಲಿ ಆಕೆಯ ಪ್ರಯಾಣ ಖರ್ಚನ್ನು ಕೊಡಲು ನಮ್ಮವರು ಮರೆತದ್ದು, ಆಮೇಲೆ ಹದಿನೈದು ದಿನಕ್ಕೆ ಕಳಿಸಿದ್ದು, ಎರಡೂ ನಿಜ. ಜಾತ್ರಾ ಸಮಿತಿಯ ಹಿರಿಯರನ್ನು ಮಾತ್ರ ದೂರಿ ನಾವು ಜಾರಿಕೊಳ್ಳಲಾರೆವು.

ಈ ಜಾತ್ರೆಗಳಿಗೆ ಪಟ್ಟಿ ಕೊಡುವವರು ಯಾರು? ನೀವೇ. ಕಾರಖಾನೆಯ ಕೆಲಸಗಾರರು ಒಂದು ದಿನದ ಪಗಾರ ಕೊಡುತ್ತೀರಿ. ಪೇಟೆಯ ಕಿರಾಣಿ, ಬಟ್ಟೆ ಅಂಗಡಿಯವರು ಪಾವತಿ ಹರಿಸಿಕೊಳ್ಳುತ್ತೀರಿ. ಆ ಪಾವತಿ ಹಿಡಿದು ಒಂದು ಪ್ರಶ್ನೆ ಕೇಳುವ ಹಕ್ಕು ನಿಮಗಿದೆ: ನಮ್ಮ ದುಡ್ಡಿನಲ್ಲಿ ನಾಗೇಶಿಗೆ ಎಷ್ಟು, ಹರದೇಶಿಗೆ ಎಷ್ಟು? ಹಾಡುವವಳ ಮೇಲೆ ನೋಟು ತೂರುವ ತರುಣರ ಕೈ ಹಿಡಿಯುವುದೂ ನಿಮ್ಮಿಂದಲೇ ಆಗಬೇಕು. ಆ ತರುಣರು ನಮ್ಮ ನಿಮ್ಮ ಮಕ್ಕಳೇ. ಈಚೆಗೆ ಮೊಬೈಲಿನಲ್ಲಿ ಇಡೀ ರಾತ್ರಿಯ ಪದ ಹಿಡಿದು ಅಂತರಜಾಲಕ್ಕೆ ಏರಿಸುವವರು ಬಹಳ. ನೋಡುವವರು ಹೆಚ್ಚಾದಂತೆ ಏರಿಸಿದವನಿಗೆ ಹಣ ಬರುತ್ತದೆ, ಹಾಡಿದವಳಿಗೆ ಹೆಸರೂ ಬರುವುದಿಲ್ಲ. ಕೆಲವರಂತೂ ಆಕೆಯ ಊರನ್ನು ಹಾಕುತ್ತಾರೆ, ಹೆಸರು ಹಾಕುವುದಿಲ್ಲ. ಗ್ರಾಮಾಫೋನ್ ಕಂಪನಿಯವನ ಹಳೆಯ ಆಟ ಈಗ ಪ್ರತಿ ಹುಡುಗನ ಕಿಸೆಯಲ್ಲಿದೆ.

ನಮ್ಮ ಕಡೆಯಿಂದ ಐದು ತಾಲೂಕುಗಳ ಜಾತ್ರಾ ಸಮಿತಿಗಳಿಗೆ ಪತ್ರ ಬರೆಯುವುದೆಂದು ಗೊತ್ತುಮಾಡಿದ್ದೇವೆ. ಎರಡೂ ಮೇಳಗಳಿಗೆ ಸಮ ಸಂಭಾವನೆ, ಅರ್ಧ ಮುಂಗಡ, ಫಲಕದ ಮೇಲೆ ಹಾಡುವವಳ ಪೂರ್ತಿ ಹೆಸರು, ಕೇಳದೆ ಚಿತ್ರೀಕರಣವಿಲ್ಲ: ಇಷ್ಟು ಬರೆದುಕೊಂಡು, ಕಳಿಸುವ ಮುಂಚೆ ರಾಯಬಾಗದ ಆ ಬಾಯಿಗೆ ಓದಿ ತೋರಿಸಿದೆವು. ಆಕೆ ಪೂರ್ತಿ ಕೇಳಿದಳು. “ಛಲೋ ಬರದೀರಿ ಮಾಸ್ತರ. ಇನ್ನೊಂದ ಬರೀರಿ. ಪದಾ ಮುಗದ ಮ್ಯಾಲ ಬೆಳಗಿನ ಬಸ್ಸ ಬರೂತನಕ ಕೂಡಾಕ ದೀಪ ಇದ್ದ ಜಾಗಾ, ಬಾಗಲಿಗೆ ಒಳಗಿನ ಚಿಲಕ. ಅದನ್ನ ಮೊದಲ ಬರೀರಿ, ರೊಕ್ಕದ ಮಾತ ಆಮ್ಯಾಲ” ಎಂದಳು. ಹಾಗೆಯೇ ಮೊದಲಿಗೆ ಬರೆದಿದ್ದೇವೆ. ಪತ್ರಕ್ಕೆ ರುಜು ಹಾಕುವವರು ಸೋಮವಾರ ಸಂಜೆ ಪಾಳಿ ಬಿಟ್ಟ ಮೇಲೆ ನಮ್ಮ ಕಚೇರಿಗೆ ಬರಬಹುದು.